ಸ್ಪ್ಯಾನರಕ್ಕ ಜೀಪು ಎತ್ತಿದ್ದು

ಸ್ಪ್ಯಾನರಕ್ಕನ ಶೆಡ್ಡಿಗೆ ಬಾಗಿಲಿಲ್ಲ. ಮೇಲೆ ತಗಡು, ಹಿಂದೆ ತಗಡು, ಮುಂದೆ ರಸ್ತೆ. ಕಳ್ಳ ಬಂದರೆ ಏನು ಮಾಡುತ್ತೀಯ ಎಂದು ಯಾರೋ ಕೇಳಿದ್ದಕ್ಕೆ, "ಕೈಗೊಂದು ಸ್ಪ್ಯಾನರ್ ಕೊಟ್ಟು ಗಾಡಿ ಕೆಳಗೆ ಮಲಗಿಸ್ತೀನಿ. ಆಮೇಲೆ ಈ ಕಡೆ ತಲೆ ಹಾಕೋದಿಲ್ಲ" ಎಂದಿದ್ದಳು.

ಬಸ್ ಡಿಪೋದಲ್ಲಿ ಬಸ್ಸುಗಳ ಹೊಟ್ಟೆಯಡಿ ಮಲಗಿ ಕೆಲಸ ಮಾಡಿದ ಮೊದಲ ಹೆಂಗಸು ಅವಳು. ಅಲ್ಲಿಂದ ಹೊರಬಿದ್ದದ್ದು ಮುಷ್ಕರದಲ್ಲಿ. ಬಸ್ಸು ತೊಳೆಯುವವನ ಕೈ ಜಜ್ಜಿಹೋದಾಗ, ಅದು ಅವನದೇ ತಪ್ಪು ಎಂದ ಮ್ಯಾನೇಜರನ ಮುಂದೆ ಮೊದಲು ಟೂಲ್ ಪೆಟ್ಟಿಗೆ ಕೆಳಗಿಟ್ಟವಳೂ ಅವಳೇ. ಮುಷ್ಕರ ಸೋತಿತು. "ತಪ್ಪಾಯ್ತು" ಎಂದವರೆಲ್ಲ ಮತ್ತೆ ಒಳಗೆ ಹೋದರು. "ತಪ್ಪು ಮಾಡಿದೋರು ಹೇಳಲಿ" ಎಂದು ಇವಳು ಶೆಡ್ಡು ಹಾಕಿದಳು.

ಮುಷ್ಕರ ಮುರಿದವರಲ್ಲಿ ಅವಳ ಅಕ್ಕನ ಗಂಡನೂ ಇದ್ದ. ಡಿಪೋದಲ್ಲಿ ಕಬ್ಬಿಣ ಕಡೆಯುವ ಟರ್ನರ್. ಲೇತ್ ಮುಂದೆ ನಿಂತನೆಂದರೆ ಕಬ್ಬಿಣ ಬೆಣ್ಣೆಯಂತೆ ಸುಲಿದುಬರುತ್ತಿತ್ತು. ಮಗಳ ಓದು ನಿಂತುಹೋಗುತ್ತದೆ ಎಂಬ ಭಯಕ್ಕೆ ಒಂದು ಬೆಳಿಗ್ಗೆ ಹಿಂಬಾಗಿಲಿಂದ ಒಳಗೆ ಹೋದ. ಹಾಗೆ ಹೋದವರು ಇನ್ನೂ ಹಲವರಿದ್ದರು, ಆದರೆ ಮನೆಯವನು ಅವನೊಬ್ಬನೇ. ಅಂದಿನಿಂದ ಭಾವ ನಾದಿನಿಯರ ನಡುವೆ ಮಾತಿಲ್ಲ. ಅಕ್ಕನ ಮನೆಯಲ್ಲಿ ಊಟಕ್ಕೆ ಎದುರುಬದುರು ಕೂತರೂ, "ಉಪ್ಪು ಈ ಕಡೆ ಸರಿಸೋಕೆ ಹೇಳು" ಎಂದು ಇವಳು ಗೋಡೆಗೆ ಹೇಳುವಳು. "ಉಪ್ಪು ಅವಳ ಮೊಣಕೈ ಹತ್ರಾನೇ ಇದೆ ಅಂತ ಹೇಳು" ಎಂದು ಅವನು ಇನ್ನೊಂದು ಗೋಡೆಗೆ ಹೇಳುವನು.

ಆ ಮಗಳು ಓದಿ ನರ್ಸಾದಳು. ಗುಡ್ಡದ ಮೇಲೆ ಕಲ್ಲು ಒಡೆಯುವವರ ಜೋಪಡಿಗಳಿಗೆ ಹೋಗಿಬರುವುದು ಅವಳ ಪಾಲಿಗೆ ಬಂದ ಕೆಲಸ. ಅದಕ್ಕೆಂದೇ ಹಳೆಯದೊಂದು ಚಿಕ್ಕ ಜೀಪು ಹಿಡಿದಿದ್ದಳು. ಒಂದು ಮಧ್ಯಾಹ್ನ ಅದು ಶೆಡ್ಡಿನ ಮುಂದೆ ಬಂದು ನಿಂತಿತು. ಚಕ್ರಗಳು ಮಾತ್ರ ಹೊಸವು, ದೊಡ್ಡವು, ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನ ಕಾಲಿನಂತೆ.

"ಚಿಕ್ಕಮ್ಮಾ, ತಿರುಗಿಸಿದ್ರೆ ಟೈರು ಬಾಡಿಗೆ ಉಜ್ಜುತ್ತೆ. ನೋಡು, ಹೇಗೆ ಕೆತ್ತಿಹಾಕಿದೆ."

ಸ್ಪ್ಯಾನರಕ್ಕ ಬಗ್ಗಿ ನೋಡಿದಳು. ಮಡ್‌ಗಾರ್ಡಿನ ಅಂಚು ರಬ್ಬರನ್ನು ತುರಿದುಹಾಕಿತ್ತು. "ಇಷ್ಟು ದೊಡ್ಡದು ಹಾಕು ಅಂತ ಯಾವ ಪುಣ್ಯಾತ್ಮ ಹೇಳಿದ?"

"ರಸ್ತೇನೇ ಹೇಳ್ತು. ಕಲ್ಲಿನ ಲಾರಿಗಳು ಓಡಾಡಿ ಎರಡೂ ಕಡೆ ಗುಂಡಿ, ನಡುವೆ ದಿಬ್ಬ. ಹಳೇ ಚಕ್ರದಲ್ಲಿ ಹೋದ ಸಲ ದಿಬ್ಬದ ಮೇಲೆ ಹೊಟ್ಟೆ ಊರಿ ಕೂತುಬಿಡ್ತು. ನಾನು ನಡಕೊಂಡು ಹೋಗೋ ಹೊತ್ತಿಗೆ ಹೆರಿಗೇಲಿ ಒಂದು ಮಗು ಹೋಯ್ತು. ಈಗ ಮೇಲೆ ಇನ್ನೊಬ್ಬಳು ಬಸುರಿ ಇದಾಳೆ, ಹೊಟ್ಟೇಲಿ ಅವಳಿ. ದಿನ ತುಂಬ್ತಾ ಇದೆ. ಅವಳನ್ನ ಕೆಳಗೆ ತರ್ಲೇಬೇಕು, ಅಲ್ಲಿ ಹೆರಿಗೆ ಆಗೋ ಹಾಗಿಲ್ಲ. ಬಾಡಿ ಲಿಫ್ಟ್ ಮಾಡಿಕೊಡು. ಗಾಡಿ ಪೂರ್ತಿ ಮೇಲೆ ಹೋಗ್ಲಿ."

"ಪೂರ್ತಿ ಮೇಲೆ ಹೋಗೋಕೆ ಅದೇನು ಸ್ವರ್ಗಕ್ಕೆ ಹೊರಟಿದ್ಯಾ? ಬಾಡಿ ಲಿಫ್ಟಂದ್ರೆ ಕೆಳಗಿನ ಕಬ್ಬಿಣದ ಚೌಕಟ್ಟು, ಚಾಸಿ, ಅದರಿಂದ ಬಾಡಿ ಮಾತ್ರ ಎತ್ತೋದು. ಇಂಜಿನ್ನು, ಆಕ್ಸಲ್ಲು ಇದ್ದಲ್ಲೇ ಇರುತ್ತೆ. ಪ್ಯಾಂಟು ಮಡಚಿದ್ರೆ ಕಾಲು ಉದ್ದ ಆಗುತ್ತಾ? ದಿಬ್ಬದಿಂದ ಉಳಿಸೋದು ನಿನ್ನ ದೊಡ್ಡ ಚಕ್ರ. ಚಕ್ರಕ್ಕೆ ಜಾಗ ಮಾಡಿಕೊಡೋದು ಲಿಫ್ಟು."

"ಯಾವುದೋ ಒಂದು. ಆಗುತ್ತಲ್ಲ?"

ಆಗುತ್ತದೆ. ಬಾಡಿ ಮತ್ತು ಚಾಸಿಯ ನಡುವೆ ಪ್ರತಿ ಬೋಲ್ಟಿನ ಹತ್ತಿರ ಎರಡು ಅಂಗುಲ ದಪ್ಪದ ಗಟ್ಟಿ ನೈಲಾನ್ ಬಿಲ್ಲೆ ಕೂರಿಸಿ, ಉದ್ದನೆಯ ಬೋಲ್ಟು ಹಾಕಿ ಬಿಗಿಯಬೇಕು. ಆ ಬಿಲ್ಲೆಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಲೇತಿನಲ್ಲಿ ಕಡೆಯಬೇಕು. ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಬಾಡಿ ತಿರುಚಿಕೊಂಡು, ಬಾಗಿಲು ಹಾಕಿದರೆ ತೆರೆಯದು, ತೆರೆದರೆ ಮುಚ್ಚದು. ಅಷ್ಟು ನಿಖರವಾಗಿ ಕಡೆಯುವ ಕೈ ಸುತ್ತಮುತ್ತ ಒಂದೇ ಇತ್ತು. ಅದು ಯಾರದೆಂದು ಇಬ್ಬರಿಗೂ ಗೊತ್ತಿತ್ತು.

ಸ್ಪ್ಯಾನರಕ್ಕ ತುಂಬ ಹೊತ್ತು ಟೈರನ್ನೇ ಒದೆಯುತ್ತ ನಿಂತಳು. ಕೊನೆಗೆ, "ನಿಮ್ಮಪ್ಪನಿಗೆ ಹೇಳು" ಎಂದಳು. "ನಾನು ಕೇಳ್ತಿಲ್ಲ. ಗಾಡಿ ಕೇಳ್ತಿದೆ."

ಬಿಲ್ಲೆಗಳನ್ನು ಕಳಿಸಿದ್ದರೆ ಸಾಕಿತ್ತು. ಟರ್ನರು ತಾನೇ ಹೊತ್ತುಕೊಂಡು ಬಂದ. "ಕೂರಿಸೋದು ನೋಡದೆ ನಾನು ಹೋಗಲ್ಲ ಅಂತ ಅವಳಿಗೆ ಹೇಳು" ಎಂದು ಮಗಳಿಗೆ ಹೇಳಿ, ತೋಳು ಮಡಚಿ ನಿಂತ. ಸ್ಪ್ಯಾನರಕ್ಕ ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದಳು, ಹೆಬ್ಬೆರಳಿಂದ ಅಂಚು ಸವರಿದಳು. ತೆಗಳಲು ಏನೂ ಸಿಗದೆ ಕೆಳಗಿಟ್ಟಳು.

ಕೆಲಸ ಶುರುವಾಯಿತು. ಬ್ಯಾಟರಿ ತಂತಿ ಕಳಚಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ, ಬೆಂಕಿ ತೋರಿಸಿ ಬಿಚ್ಚಿದಳು. ಸುಮ್ಮನೆ ಜಾಕ್ ಕೊಟ್ಟು ಎತ್ತಿದರೆ ಮುಗಿಯದು. ಬಾಡಿ ಮೇಲೇಳುವಾಗ ಚಾಸಿಗೆ ಅಂಟಿಕೊಂಡ ಹತ್ತಾರು ಕರುಳುಗಳನ್ನು ಸಡಿಲಿಸಬೇಕು: ಪೆಟ್ರೋಲ್ ಪೈಪು, ಸ್ಟಿಯರಿಂಗ್ ಕೀಲು, ಹ್ಯಾಂಡ್‌ಬ್ರೇಕ್ ಕೇಬಲ್ಲು, ರೇಡಿಯೇಟರ್ ಹೋಸು. ಕೆಳಗಿನವನ್ನು ಇವಳು, ಬಾನೆಟ್ಟಿನೊಳಗಿನವನ್ನು ಅವನು. ನಡುವೆ ನರ್ಸಮ್ಮ.

"ಹೋಸು ಬಿಚ್ಚಾಯ್ತಾ ಕೇಳು."

"ಅಪ್ಪಾ, ಹೋಸು?"

"ಯಾವತ್ತೋ ಆಯ್ತು ಅಂತ ಹೇಳು. ಹ್ಯಾಂಡ್‌ಬ್ರೇಕು?"

"ಚಿಕ್ಕಮ್ಮಾ, ಹ್ಯಾಂಡ್‌ಬ್ರೇಕು?"

"ಕಣ್ಣಿದ್ರೆ ಬಗ್ಗಿ ನೋಡು ಅನ್ನು."

"ನಾನೇನು ನಿಮ್ಮಿಬ್ಬರ ಟೆಲಿಫೋನಾ?" ಎಂದು ನರ್ಸಮ್ಮ ರೇಗಿದಳು. ಅಷ್ಟರಲ್ಲಿ ನಿಜವಾದ ಫೋನು ಬಂತು. ಗುಡ್ಡದಿಂದ. ಅವಳು ಸಿಗ್ನಲ್ ಹುಡುಕುತ್ತ ರಸ್ತೆಯಾಚೆ ಹೋದಳು.

ಈಗ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವರಿರಲಿಲ್ಲ. ಸ್ಪ್ಯಾನರಕ್ಕ ಮರದ ಹಲಗೆ ಕೊಟ್ಟು ಒಂದು ಮಗ್ಗುಲು ಎತ್ತಿದಳು. ಬಿಲ್ಲೆಗಳು ಅಳತೆ ತೆಗೆದ ಹಲ್ಲಿನ ಸೆಟ್ಟಿನಂತೆ ಕೂತವು. ಇನ್ನೊಂದು ಮಗ್ಗುಲು ಎತ್ತಿದಳು. ಎಲ್ಲೋ ಟಪ್ ಎಂದು ಸಣ್ಣ ಸದ್ದಾಯಿತು. ತುಕ್ಕು ಬಿಟ್ಟಿರಬೇಕು ಎಂದುಕೊಂಡಳು. ಅವನೂ ಕೇಳಿಸಿಕೊಂಡ, ಅವಳಿಗೆ ಗೊತ್ತಿರುತ್ತದೆ ಎಂದುಕೊಂಡ.

ಕಳಚಿದ್ದನ್ನೆಲ್ಲ ಮತ್ತೆ ಸೇರಿಸಿಯಾಯಿತು. ಅವಳು ಸೀಟಿನಲ್ಲಿ ಕೂತು ಚಾವಿ ತಿರುಗಿಸಿದಳು. ಸ್ಟಾರ್ಟರು ತಿಣುಕಿತು, ನರಳಿತು. ಇನ್ನೊಮ್ಮೆ ತಿರುಗಿಸಿ ಹಿಡಿದಳು. ಬಾನೆಟ್ಟಿನ ಮುಂದೆ ನಿಂತಿದ್ದ ಟರ್ನರಿಗೆ ಆಕ್ಸಿಲರೇಟರ್ ಕೇಬಲ್ಲಿನಿಂದ ಹೊಗೆ ಏಳುವುದು ಕಂಡಿತು. ಆಗ ಅವನು ಮಾಡಿದ್ದೇನೆಂದರೆ, ಸುತ್ತ ತಿರುಗಿ ಮಗಳನ್ನು ಹುಡುಕಿದ.

"ಮಗಳೇ! ಅವಳಿಗೆ ಹೇಳು..."

ಮಗಳು ರಸ್ತೆಯಾಚೆ. ಹೊಗೆ ಈಚೆ. ಕೇಬಲ್ಲಿನ ಮೈ ಕರಗಿ ತೊಟ್ಟಿಕ್ಕತೊಡಗಿತು.

"ಏ, ಚಾವಿ ಬಿಡೇ! ಸುಡ್ತಾ ಇದೆ!"

ಸ್ಪ್ಯಾನರಕ್ಕ ಕೈ ತೆಗೆದು ಕೆಳಗೆ ಹಾರಿದಳು. ಬಾಡಿಗೂ ಇಂಜಿನ್ನಿಗೂ ನಡುವೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ, ಅರ್ತಿಂಗ್ ವೈರು. ಕರೆಂಟು ಬ್ಯಾಟರಿಗೆ ಮರಳುವ ದಾರಿ ಅದು. ಮೇಲಿನ ತುದಿ ಅವನ ಪಾಲಿನದು, ಕೆಳಗಿನ ತುದಿ ಇವಳ ಪಾಲಿನದು. ಇಬ್ಬರೂ ಬಿಚ್ಚಿರಲಿಲ್ಲ. ಬಾಡಿ ಮೇಲೇಳುವಾಗ ಅದು ಹರಿದಿತ್ತು. ದಾರಿ ತಪ್ಪಿದ ಕರೆಂಟು ಕೇಬಲ್ಲಿನಲ್ಲಿ ನುಗ್ಗಿತ್ತು.

ಫೋನು ಮುಗಿಸಿ ಓಡಿಬಂದ ನರ್ಸಮ್ಮ ಹೊಗೆ ನೋಡಿದಳು, ಇಬ್ಬರ ಮುಖ ನೋಡಿದಳು. "ಮೇಲಿರೋ ಬಸುರಿಗೆ ಸಣ್ಣಗೆ ನೋವು ಶುರುವಾಗಿದೆಯಂತೆ" ಎಂದಳು. ಆಮೇಲೆ ಅವಳ ದನಿ ಏರಿತು. "ನಿಮ್ಮ ಮುಷ್ಕರ ಮುಗಿದು ಎಷ್ಟು ಕಾಲ ಆಯ್ತು? ಅಲ್ಲಿ ಹೆಂಗಸು ಸಾಯ್ತಾಳೆ, ನೀವಿಲ್ಲಿ ಗೋಡೆ ಜೊತೆ ಮಾತಾಡ್ತಾ ಕೂತ್ಕೊಳ್ಳಿ!"

ಟರ್ನರು ಬಾಯಿ ತೆರೆಯುವ ಮೊದಲೇ ಸ್ಪ್ಯಾನರಕ್ಕ ಕೈ ಎತ್ತಿದಳು.

"ನಾನು ನೋಡಬೇಕಿತ್ತು. ಶೆಡ್ಡು ನಂದು, ತಪ್ಪೂ ನಂದು." ಡಿಪೋದ ಮ್ಯಾನೇಜರ್ ಎಷ್ಟು ಒತ್ತಾಯಿಸಿದರೂ ಹೊರಡದ ಮಾತು ಈಗ ತಾನಾಗಿ ಬಂತು, ಯಾಕೆಂದರೆ ಈಗ ಅದು ನಿಜವಾಗಿತ್ತು. ಆಮೇಲೆ ಅವನತ್ತ ತಿರುಗಿದಳು. "ಭಾವ, ನೀವು ಹಿಂಬಾಗಿಲಿಂದ ಹೋಗಿದ್ದನ್ನ ನಾನು ಮರೆತಿಲ್ಲ, ಮರೆಯೋದೂ ಇಲ್ಲ. ಆದ್ರೆ ಗಾಡಿ ಕೆಲಸದಲ್ಲಿ ಏನು ಕಂಡ್ರೂ ಬಾಯಿಬಿಟ್ಟು ನನಗೇ ಹೇಳಿ."

"ಮರೀಬೇಡ. ಯಾರು ಮರಿ ಅಂದ್ರು?" ಎಂದ ಅವನು. "ಹಳೇ ಬಸ್ಸಿನ ಅರ್ತಿಂಗ್ ಪಟ್ಟಿ ಎಲ್ಲಿಟ್ಟಿದೀಯ, ಅದನ್ನ ಹೇಳು."

"ಎಡಗಡೆ ಡಬ್ಬಿ. ಸ್ಕೂಟರಿನ ಉದ್ದ ಕೇಬಲ್ಲೂ ಅಲ್ಲೇ ಇದೆ, ತನ್ನಿ."

ಸ್ಕೂಟರಿನ ಕೇಬಲ್ಲನ್ನು ಜೀಪಿಗೆ ಒಗ್ಗಿಸಿ, ಬಸ್ಸಿನ ಪಟ್ಟಿಯನ್ನು ಎರಡು ತುದಿಗೂ ಬಿಗಿದರು. ಈಗ ನೇರವಾಗಿಯೇ ಬೈದಾಡುತ್ತಿದ್ದರಿಂದ ಕೆಲಸ ಬೇಗ ಸಾಗಿತು. ಜೀಪು ಒಂದೇ ಚಾವಿಗೆ ಹೊತ್ತಿಕೊಂಡಿತು. ಚಕ್ರವನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದರು. ಎಲ್ಲೂ ಉಜ್ಜಲಿಲ್ಲ.

ಸ್ಪ್ಯಾನರಕ್ಕ ತಾನೂ ಹತ್ತಿ ಕೂತಳು. ತನ್ನ ಕೈಯ ಕೆಲಸ ದಾರಿಯಲ್ಲಿ ಕೈಕೊಟ್ಟರೆ ಬೇರೆಯವರು ಯಾಕೆ ಒದ್ದಾಡಬೇಕು ಎಂಬುದು ಅವಳ ಲೆಕ್ಕ. ಲಾರಿ ಗುಂಡಿಗಳಲ್ಲಿ ಜೀಪು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ನಡುವಿನ ದಿಬ್ಬವನ್ನು ಸೋಕದೆ ದಾಟಿತು. ನರ್ಸಮ್ಮ ಎಲ್ಲೂ ನಿಲ್ಲಿಸದೆ ಓಡಿಸಿದಳು.

ಮೇಲೆ ಬಸುರಿ ಸೊಂಟಕ್ಕೆ ಕೈಕೊಟ್ಟು ಗಂಡನ ಹೆಗಲು ಹಿಡಿದು ಬಂದಳು, ಜೀಪಿನ ಬಾಗಿಲು ನೋಡಿ ನಿಂತೇಬಿಟ್ಟಳು.

"ಇದಕ್ಕೆ ಹತ್ತೋದಾ? ಕ್ರೇನ್ ತಂದಿದೀರಾ ನನ್ನನ್ನ ಎತ್ತೋಕೆ?"

ಟೈರಿನ ಎತ್ತರ, ಬಿಲ್ಲೆಯ ಎತ್ತರ, ಎರಡೂ ಸೇರಿ ಬಾಗಿಲಿನ ತಳ ಅವಳ ತೊಡೆಯವರೆಗೆ ಏರಿತ್ತು. ತಳದಿಂದ ತುದಿಯವರೆಗೆ ಎಲ್ಲ ಅಳೆದಿದ್ದ ಇಬ್ಬರಿಗೂ ಹತ್ತುವವಳ ಕಾಲು ಅಳೆಯಲು ಹೊಳೆದಿರಲಿಲ್ಲ. ಸ್ಪ್ಯಾನರಕ್ಕ ತನ್ನನ್ನೇ ಬೈದುಕೊಂಡು, ಜಲ್ಲಿಯ ಮೇಲೆ ಕೈ ಮಂಡಿ ಊರಿ ಬೆನ್ನು ಕೊಟ್ಟಳು. "ಕಾಲಿಡು. ಬಸ್ಸು ಹೊತ್ತ ಬೆನ್ನು ಇದು, ಏನಾಗಲ್ಲ."

"ಅಯ್ಯೋ ಬೇಡಮ್ಮಾ..."

"ಮರ್ಯಾದೆ ಆಮೇಲೆ ಮಾಡುವಿಯಂತೆ. ಹತ್ತು!"

ಬಸುರಿ ಹತ್ತಿದಳು. ಜೀಪು ಇಳಿಯಿತು. ಆಸ್ಪತ್ರೆಯಲ್ಲಿ ಹೆರಿಗೆ ಕಷ್ಟವೇ ಆಯಿತು. ಎರಡು ಮಕ್ಕಳೂ ಉಳಿದವು, ತಾಯಿಯೂ ಉಳಿದಳು.

ಮಾರನೆಯ ದಿನ ಮಂಡಿಗೆ ಬ್ಯಾಂಡೇಜು ಸುತ್ತಿಕೊಂಡೇ ಸ್ಪ್ಯಾನರಕ್ಕ ಜೀಪಿನ ಬಾಗಿಲ ಕೆಳಗೆ ಮೆಟ್ಟಿಲು ಬೆಸೆಯಲು ಮಲಗಿದ್ದಳು. ಟರ್ನರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

"ಇಷ್ಟು ಕೆಳಗಿಟ್ರೆ ಮೊದಲನೇ ಕಲ್ಲಿಗೇ ಕಿತ್ಕೊಂಡು ಹೋಗುತ್ತೆ" ಎಂದ.

"ಮೇಲಿಟ್ರೆ ಬಸುರಿ ಹತ್ತಲ್ಲ. ಏನು ಮಾಡೋಣ ಹೇಳಿ."

"ಕೀಲು ಹಾಕಿದ್ರಾಯ್ತು. ಓಡುವಾಗ ಮಡಚಿ, ನಿಂತಾಗ ಇಳಿಸೋದು."

"ಇದನ್ನ ಆಗಲೇ ಹೇಳೋಕೆ ಏನಾಗಿತ್ತು?"

"ನೀನು ಕೇಳಿದ್ಯಾ?"

"ಈಗ ಕೇಳ್ತಿದೀನಿ. ಹೋಗಿ, ಕಡೆದು ತನ್ನಿ. ಕೀಲು ಬಿಗಿ ಇರಲಿ, ಅಲ್ಲಾಡಿದ್ರೆ ವಾಪಸ್ ಕಳಿಸ್ತೀನಿ."