ಭಟ್ಟಿಯೊಳಗಿನ ಬಣ್ಣ

ಪಟ್ಟದಕಲ್ಲಿನ ಬಸ್ಸು ತಪ್ಪಿದ್ದರಿಂದ, ಬಾದಾಮಿಯಲ್ಲಿರುವ ಹಳೆಯ ಪರಿಚಯದ ಪಿಂಗಾಣಿ ಶಿಲ್ಪಿ ಗುರುಪಾದಪ್ಪನವರ ಮನೆಗೆ ಹೋದೆ. ಹಿತ್ತಲಿನ ತಗಡಿನ ಶೆಡ್ಡೇ ಅವರ ಸ್ಟುಡಿಯೊ. ಆರಿದ ಭಟ್ಟಿಯ ಬಾಯನ್ನು ಅವರ ಹೆಂಡತಿ ನೀಲವ್ವ ಆಗತಾನೇ ತೆರೆಯುತ್ತಿದ್ದರು. ಗುರುಪಾದಪ್ಪನವರು ನನ್ನನ್ನು ಗುರುತಿಸಿದ್ದು ದನಿಯಿಂದ. ಎರಡೂ ಕಣ್ಣು ಮಂಜಾಗಿ, ದವಾಖಾನೆಯವರೂ ಕೈಬಿಟ್ಟಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ಮಣ್ಣಿನ ಕೆಲಸವನ್ನು ಅವರ ಬೆರಳುಗಳೇ ನೋಡಿಕೊಳ್ಳುತ್ತವೆ. ಬೆಂಕಿಯದು ಹಾಗಲ್ಲ. ಶಿಲ್ಪಕ್ಕೆ ಬಳಿದ ಮೆರುಗು ಕರಗಬೇಕಾದರೆ ಭಟ್ಟಿಯೊಳಗಿನ ಕೆಂಪು ಹಳದಿಗೆ ತಿರುಗಬೇಕು. ಈಗ ನೀಲವ್ವ ಕಿಂಡಿಯಲ್ಲಿ ನೋಡಿ ಬಣ್ಣ ಹೇಳುತ್ತಾರೆ, ಅದನ್ನು ಕೇಳಿ ಅವರು ಉರಿ ನಿಲ್ಲಿಸುತ್ತಾರೆ.

ಮಂಡಿ ಮಡಿಸಿ ಕೂತ ಹೆಂಗಸಿನ ಶಿಲ್ಪವನ್ನು ಇಬ್ಬರೂ ಎತ್ತಿ ಹೊರಗಿಟ್ಟರು. ಗುರುಪಾದಪ್ಪನವರು ಅದರ ಬೆನ್ನ ಮೇಲೆ ಕೈಯಾಡಿಸಿದರು. ಗಾಜಿನಂತೆ ನುಣುಪಾಗಬೇಕಿದ್ದ ಮೆರುಗು ಸುಣ್ಣದ ಪುಡಿಯಂತೆ ಬೆರಳಿಗೆ ಹತ್ತಿತು.

"ಖರೆ ಹೇಳು, ಬಣ್ಣ ಏನಿತ್ತು?"

"ಕೆಂಪು ಇತ್ರಿ," ಎಂದರು ನೀಲವ್ವ. "ನೀವು ಆ ಝಳದಾಗ ನಿಂತು ನಿಂತು ಬೀಳೋಹಂಗ ಆಗಿದ್ರಿ. ನಿಮ್ಮನ್ನ ಹಂಗ ನೋಡಾಕ ನನಗ ಆಗ್ಲಿಲ್ಲ. ಹಳದಿ ಆಗೇತಿ ಅಂದ್ನಿ."

ಅವರು ಬೈಯಲಿಲ್ಲ. ಬೈದಿದ್ದರೆ ಆಕೆಗೆ ಹಗುರವಾಗುತ್ತಿತ್ತೇನೊ. ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹೊಸ್ತಿಲ ಮೇಲೆ ಕೂತರು.

"ಇನ್ನೊಮ್ಮಿ ಸುಡೂಣ್ರಿ. ಈ ಸಲ ಇದ್ದದ್ದು ಇದ್ದಂಗ ಹೇಳ್ತೇನಿ."

"ಹೇಳ್ತಿ. ಆದ್ರ ನೀ ಹೇಳಿದ್ದು ಖರೆ ಐತೋ ಇಲ್ಲೋ, ನಾ ಹೆಂಗ ನೋಡ್ಲಿ?"

ನೀಲವ್ವ ಭಟ್ಟಿಯ ಪಕ್ಕದಲ್ಲೇ ನೆಲಕ್ಕೆ ಕೂತರು. ಭಟ್ಟಿಯೊಳಗೆ ಇನ್ನೂ ಶಿಲ್ಪಗಳಿದ್ದವು. ಅವನ್ನು ಹೊರಗೆ ತೆಗೆಯಲು ಇಬ್ಬರೂ ಏಳಲಿಲ್ಲ.