ಪಟ್ಟಿಯಲ್ಲಿ ಅವಳಿಗೊಂದು ಕೆಲಸ

ಆ ವರ್ಷ ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ನನ್ನ ಮೊಮ್ಮಗಳು ಜರ್ಮನಿಯ ಒಂದು ಮನೆಯಲ್ಲಿದ್ದಳು. ಆ ಮನೆಯ ಹುಡುಗಿ ಸಹಕಾರನಗರದ ನಮ್ಮ ಮನೆಯಲ್ಲಿದ್ದಳು. ಇಬ್ಬರಿಗೂ ಹದಿನಾರು ವರ್ಷ. ಎರಡು ಶಾಲೆಗಳು ಮಾತಾಡಿಕೊಂಡು ಮಾಡಿದ ಏರ್ಪಾಡು ಅದು. ಜೋಡಿಯಲ್ಲಿ ಒಬ್ಬಳು ಅರ್ಧಕ್ಕೆ ಬಿಟ್ಟರೆ ಇನ್ನೊಬ್ಬಳೂ ತನ್ನ ಮನೆಗೆ ಹಿಂತಿರುಗಬೇಕು ಎಂದು ಕರಾರಿನಲ್ಲಿ ಬರೆದಿತ್ತು. ಸಹಿ ಹಾಕಿದ್ದು ನನ್ನ ಮಗ. ನಾನು ಅದನ್ನು ಎರಡು ಸಲ ಓದಿ, ನಮ್ಮ ಮನೆಯಲ್ಲಿ ಅಂಥ ಸಂದರ್ಭ ಬರುವುದಿಲ್ಲ ಬಿಡು ಎಂದುಕೊಂಡಿದ್ದೆ.

ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೈಗಡಿಯಾರ ಜೋಡಿಸಿದವಳು ನಾನು. ಸೈರನ್‌ಗೆ ಎದ್ದು, ಸೈರನ್‌ಗೆ ಉಂಡು, ಸೈರನ್‌ಗೆ ಮನೆಗೆ ಬಂದವಳು. ನಿವೃತ್ತಿಯಾದ ಮೇಲೆ ಸೈರನ್ ಇಲ್ಲವಾದ್ದರಿಂದ ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದೆ. ಮನೆಯ ನಾಲ್ವರು, ಅಂದರೆ ನಾನು, ಮಗ, ಸೊಸೆ, ಮೊಮ್ಮಗಳು, ಯಾವ ಹೊತ್ತಿಗೆ ಏನು ಮಾಡಬೇಕು ಎಂಬುದು ಅದರಲ್ಲಿ. ನಾಲ್ಕೂವರೆಗೆ ನನ್ನ ಸ್ನಾನ, ಐದೂಕಾಲಿಗೆ ಮಗನದು, ಐದು ನಲವತ್ತಕ್ಕೆ ಸೊಸೆಯದು, ಆರಕ್ಕೆ ಮೊಮ್ಮಗಳದು. ಆರೂಕಾಲಿಗೆ ನೀರಿನ ಮೋಟಾರು. ಮಗ ನಗುತ್ತಾನೆ, ಆದರೆ ಮೀರುವುದಿಲ್ಲ.

ಹುಡುಗಿ ಬಂದ ದಿನವೇ ಮೊಮ್ಮಗಳ ಹೆಸರಿದ್ದ ಕಡೆ ಅವಳ ಹೆಸರು ಬರೆದು, ಇಡೀ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಸ್ನಾನ, ತಿಂಡಿ, ಶಾಲೆ, ಕಾಫಿ, ಓದು, ಊಟ, ನಿದ್ದೆ. ಮೊಮ್ಮಗಳ ಸಾಲಿನಲ್ಲಿದ್ದ ಹಾಲು ತರುವುದು, ಹುರುಳಿಕಾಯಿ ಬಿಡಿಸುವುದು, ಒಣಗಿದ ಬಟ್ಟೆ ಮಡಿಸುವುದು, ಇಷ್ಟನ್ನು ಮಾತ್ರ ತೆಗೆದುಹಾಕಿದೆ. ಮನೆಗೆ ಬಂದ ಹೆಣ್ಣುಮಗುವಿನ ಕೈಲಿ ಕೆಲಸ ಮಾಡಿಸುತ್ತಾರೆಯೇ? ತಿಂದ ತಟ್ಟೆಗೆ ಅವಳು ಕೈ ಹಾಕಿದರೆ ಸೊಸೆ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಕಿತ್ತುಕೊಳ್ಳುತ್ತಿದ್ದೆವು.

ಒಂಟಿಯಾಗಿ ಕೂರಲೂ ಬಿಡುತ್ತಿರಲಿಲ್ಲ. ಶಾಲೆಯಿಂದ ಬಂದರೆ ಪಕ್ಕದಲ್ಲಿ ನಾನು. ಓದಲು ಕೂತರೆ ಎದುರಿನ ಕುರ್ಚಿಯಲ್ಲಿ ನಾನು. ಹೊಸ ಜಾಗದಲ್ಲಿ ಹೆದರಿಕೊಂಡಾಳು ಎಂದು ಅವಳ ಕೋಣೆಯಲ್ಲೇ ಇನ್ನೊಂದು ಮಂಚ ಹಾಕಿಸಿಕೊಂಡು ಮಲಗುತ್ತಿದ್ದೆ. ಹಗಲು ಹೊತ್ತು ಅವಳು ಬಾಗಿಲು ಹಾಕಿಕೊಂಡರೆ ನನಗೆ ತಡೆಯುತ್ತಿರಲಿಲ್ಲ. ನಮ್ಮಲ್ಲಿ ಹಗಲಲ್ಲಿ ಬಾಗಿಲು ಹಾಕಿಕೊಂಡರೆ ಒಂದೋ ಮೈ ಸರಿಯಿಲ್ಲ, ಇಲ್ಲವೇ ಮನೆಯವರ ಮೇಲೆ ಮುನಿಸು. ತಟ್ಟುತ್ತಿದ್ದೆ. ಅವಳು ತೆಗೆಯುತ್ತಿದ್ದಳು. ಏನಾದರೂ ಬೇಕಾ ಎಂದು ಕೇಳುತ್ತಿದ್ದೆ. ಏನೂ ಬೇಡ ಅಜ್ಜಿ ಎನ್ನುತ್ತಿದ್ದಳು. ಐದು ನಿಮಿಷಕ್ಕೆ ಒಂದು ಬಟ್ಟಲು ಕೋಡುಬಳೆ ಹಿಡಿದು ಮತ್ತೆ ತಟ್ಟುತ್ತಿದ್ದೆ. ಅವಳೊಂದಿಗೆ ನಾನು ಆಡುತ್ತಿದ್ದುದು ಕಾರ್ಖಾನೆಯಲ್ಲಿ ಕಲಿತ ಇಂಗ್ಲಿಷು. ಅವಳದೂ ಕಲಿತ ಇಂಗ್ಲಿಷೇ. ಆದ್ದರಿಂದ ಇಬ್ಬರಿಗೂ ಅರ್ಥವಾಗುತ್ತಿತ್ತು.

ಇದೆಲ್ಲ ಬರೀ ಪ್ರೀತಿ ಎಂದರೆ ಸುಳ್ಳಾಗುತ್ತದೆ. ಎರಡನೆಯ ಭಾನುವಾರ ಮೊಮ್ಮಗಳು ವಿಡಿಯೋ ಕಾಲ್‌ನಲ್ಲಿ ತನ್ನ ದಿನಚರಿ ಹೇಳುತ್ತ, ಸಂಜೆ ಪಾತ್ರೆ ಒರೆಸುತ್ತೇನೆ, ಬುಧವಾರ ಕಸದ ಡಬ್ಬ ರಸ್ತೆಗೆ ಇಡುತ್ತೇನೆ ಎಂದಳು.

“ಕಸ ಎತ್ತಿಸ್ತಾರಾ ನಿನ್ ಕೈಲಿ?” ಎಂದೆ.

“ಅಯ್ಯೋ ಅಜ್ಜಿ, ಬುಧವಾರ ನನ್ ಟರ್ನ್ ಅಷ್ಟೇ. ಅದು ಬಿಡಿ, ನಾನು ಸೈಕಲ್ ಕಲಿತೆ ಗೊತ್ತಾ?”

ಅವಳ ಸೈಕಲ್ಲು ನನ್ನ ಕಿವಿಗೆ ಬೀಳಲಿಲ್ಲ. ನಮ್ಮ ಕಡೆ ರಸ್ತೆಗಳಲ್ಲಿ ಬಿಡಲು ಹೆದರಿ, ಅವಳ ಅಪ್ಪ ಕೊಡಿಸಿದ್ದ ಸೈಕಲ್ಲು ತುಕ್ಕು ಹಿಡಿದು ಹೋಗಿತ್ತು. ಈಗ ಅವಳು ಖುಷಿಗೆ ಮುಖ ಕೆಂಪಾಗಿ ನಾಲ್ಕು ಕಿಲೋಮೀಟರ್ ಹೋಗಿಬಂದೆ ಎನ್ನುತ್ತಿದ್ದರೆ, ನಾನು ಕಸದ ಡಬ್ಬದಲ್ಲೇ ನಿಂತಿದ್ದೆ. ಅವರು ಹಾಗೆ ನೋಡಿಕೊಂಡರೆ ನಾವು ಹೀಗೆ ನೋಡಿಕೊಳ್ಳುತ್ತೇವೆ, ಆ ಹುಡುಗಿ ವಾಪಸ್ ಹೋಗಿ ಹೇಳಲಿ, ಅವರಿಗೆ ತಿಳಿಯಲಿ ಎಂಬ ಹಟ ಬಂತು. ಉಪಚಾರ ಇನ್ನೂ ಹೆಚ್ಚಿತು.

ನಾಲ್ಕನೆಯ ವಾರದ ಬುಧವಾರ ಶಾಲೆಯಲ್ಲಿ ಈ ವಿನಿಮಯದ ಹೊಣೆ ಹೊತ್ತಿದ್ದ ಟೀಚರ್ ಸೊಸೆಗೆ ಫೋನ್ ಮಾಡಿದರು. ಹುಡುಗಿ ತಿಂಗಳ ವರದಿಯಲ್ಲಿ ಊರಿಗೆ ಹಿಂತಿರುಗಬೇಕೆಂದು ಬರೆದಿದ್ದಾಳೆ. ಕಾರಣ ಕೇಳಿದರೆ ಮನೆಯವರೆಲ್ಲ ತುಂಬ ಒಳ್ಳೆಯವರು ಎಂದಷ್ಟೇ ಹೇಳುತ್ತಾಳೆ. ಶನಿವಾರ ಹನ್ನೊಂದಕ್ಕೆ ಟೀಚರ್ ಮನೆಗೇ ಬಂದು ಅವಳನ್ನು ಕೇಳಿ ತೀರ್ಮಾನಿಸುತ್ತಾರೆ. ಅವಳು ಹೊರಟರೆ ನಮ್ಮ ಮಗುವೂ ಹೊರಡಬೇಕು.

ಸೊಸೆ ಫೋನ್ ಕೆಳಗಿಟ್ಟಳು. ಮಗಳು ಈ ಅವಕಾಶಕ್ಕಾಗಿ ಒಂದು ವರ್ಷ ಶಾಲೆಯಲ್ಲಿ ಪ್ರಬಂಧ ಬರೆದು, ಸಂದರ್ಶನ ಕೊಟ್ಟು ಕಾದದ್ದನ್ನು ಅವಳು ನೋಡಿದ್ದಳು. ಆಮೇಲೆ ಫ್ರಿಜ್ಜಿನ ಕಡೆ ನೋಡಿದಳು.

“ಅತ್ತೆ, ತಪ್ಪು ತಿಳ್ಕೋಬೇಡಿ. ಆ ಪಟ್ಟಿ ತೆಗೆದ್ಬಿಡಿ. ನಮಗೆ ಅಭ್ಯಾಸ ಆಗ್ಹೋಗಿದೆ. ಬೇರೆಯವರ ಮಗು, ಅದಕ್ಕೆ ಜೈಲು ಅನ್ಸುತ್ತೆ.”

ಮಗನೂ ಹೌದೆಂದ. ತಪ್ಪಿಲ್ಲದ ಸಂಸಾರ ನಡೆಸಿದ್ದೇನೆಂಬ ನನ್ನ ಹೆಮ್ಮೆಯನ್ನು ಅವತ್ತು ನಾನೇ ಕಿತ್ತು, ನಾಲ್ಕಾಗಿ ಮಡಿಸಿ, ಮೇಜಿನ ಖಾನೆಯಲ್ಲಿಟ್ಟೆ.

ಗುರುವಾರ ಸಂಜೆ ಕಾಫಿ ಕುಡಿಯುವಾಗ ಹುಡುಗಿ ಫ್ರಿಜ್ಜಿನ ಖಾಲಿ ಬಾಗಿಲು ನೋಡಿದಳು. ಕಾಗದ ಎಲ್ಲಿ ಹೋಯಿತು ಎಂದು ಕೇಳಿದಳು. ನಿನಗೆ ಕಷ್ಟವಾಗುತ್ತಿತ್ತಲ್ಲ, ತೆಗೆದೆ ಎಂದೆ. ಅವಳು ತಲೆಯಾಡಿಸಿದಳು. ನಮ್ಮ ಮನೆಯಲ್ಲೂ ಇಂಥ ಕಾಗದ ಇದೆ ಅಜ್ಜಿ, ನಿಮ್ಮ ಮೊಮ್ಮಗಳ ಹೆಸರೂ ಅದರಲ್ಲಿದೆ ಎಂದಳು. ಆಮೇಲೆ ಮುಖ್ಯವಾದದ್ದನ್ನು ಹೇಳಿದಳು.

“ನಿಮ್ಮ ಪಟ್ಟಿಯಲ್ಲಿ ಎಲ್ಲರಿಗೂ ಕೆಲಸ ಇದೆ. ನನಗೆ ಮಾತ್ರ ತಿನ್ನೋದು, ಮಲಗೋದು. ನಾನಿಲ್ಲಿ ಆಸ್ಪತ್ರೆಯಲ್ಲಿ ಇದ್ದ ಹಾಗಿದ್ದೇನೆ.”

ನನಗೆ ಕಾರ್ಖಾನೆ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಸೂಪರ್‌ವೈಸರ್ ನನ್ನನ್ನು ಎಂಟು ದಿನ ಸ್ಟೂಲಿನ ಮೇಲೆ ಬರೀ ಕೂರಿಸಿದ್ದರು. ಸುತ್ತಲೂ ಇಪ್ಪತ್ತು ಹೆಂಗಸರು ತಲೆಗೆ ಬಿಳಿ ಟೋಪಿ ಹಾಕಿಕೊಂಡು, ಉಸಿರು ಬಿಗಿಹಿಡಿದು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಎತ್ತಿ ಕೂರಿಸುತ್ತಿದ್ದರು. ನೋಡಿ ಕಲಿ ಎಂದು ನನಗೆ ಹೇಳಿದ್ದರು. ಸಂಬಳ ಬರುತ್ತಿತ್ತು, ಕ್ಯಾಂಟೀನಿನಲ್ಲಿ ಊಟ ಬರುತ್ತಿತ್ತು. ಆದರೂ ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿ ಕಡೆ ತಿರುಗಿ ಅಳುತ್ತಿದ್ದೆ, ಬಿಟ್ಟುಬಿಡೋಣ ಎಂದುಕೊಳ್ಳುತ್ತಿದ್ದೆ. ಒಂಬತ್ತನೆಯ ದಿನ ಒಂದು ತಟ್ಟೆ ಸ್ಕ್ರೂ ನನ್ನ ಮುಂದಿಟ್ಟರು. ಆ ಸಂಜೆ ಅಳಲಿಲ್ಲ.

ಹುಡುಗಿಯನ್ನು ಹೊರಗೆ ಕರೆದುಕೊಂಡು ಹೋಗಿ, ನೆಲದಡಿಯ ನೀರಿನ ಸಂಪಿನ ಮುಚ್ಚಳ ತೋರಿಸಿದೆ, ವಾಲ್ವ್ ತೋರಿಸಿದೆ, ಮೋಟಾರಿನ ಸ್ವಿಚ್ಚು ತೋರಿಸಿದೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಕಾವೇರಿ ನೀರು ಬರುತ್ತದೆ, ಸಂಪು ತುಂಬಿಸಬೇಕು, ಆರೂಕಾಲಿಗೆ ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಹದಿನೆಂಟು ನಿಮಿಷ ಏರಿಸಬೇಕು. ಇಷ್ಟು ವರ್ಷ ಈ ಕೆಲಸವನ್ನು ನಾನು ಮಗನಿಗೂ ಬಿಟ್ಟುಕೊಟ್ಟಿರಲಿಲ್ಲ. ನಾಳೆ ಶುಕ್ರವಾರ, ನಿನ್ನದೇ ಕೆಲಸ ಎಂದೆ. ಅವಳು ವಿವರಗಳನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಶುಕ್ರವಾರ ಆರೂಕಾಲಿಗೆ ಮೋಟಾರು ಶುರುವಾಯಿತು. ನಾನು ಅಡುಗೆಮನೆಯಲ್ಲಿದ್ದೆ. ಹತ್ತು ನಿಮಿಷವೂ ಆಗಿರಲಿಲ್ಲ, ಟ್ಯಾಂಕ್ ತುಂಬಿ ನೀರು ಮಹಡಿಯಿಂದ ಪಕ್ಕದ ಮನೆಯ ಕಾಂಪೌಂಡಿಗೆ ಧಾರಾಕಾರವಾಗಿ ಬಿತ್ತು. ಪಕ್ಕದ ಮನೆಯವರು ಆಗತಾನೇ ಸ್ಕೂಟರ್ ಒರೆಸಿ ನಿಲ್ಲಿಸಿದ್ದರು.

“ಏನ್ ಮೇಡಂ, ನಿಮ್ಮನೇಲೂ ಟ್ಯಾಂಕ್ ಉಕ್ಕುತ್ತಾ? ಹೇಳಿದ್ರೆ ಸೋಪೂ ಹಾಕಿಡ್ತಿದ್ದೆನಲ್ಲ” ಎಂದರು.

ಅವರು ತಮಾಷೆಗೆ ಹೇಳಿದ್ದು ನನಗೆ ತಮಾಷೆಯಾಗಲಿಲ್ಲ. ಓಡಿಹೋಗಿ ಸ್ವಿಚ್ ಆರಿಸಿ, ಗಡಿಯಾರ ಹಿಡಿದು ನಿಂತಿದ್ದ ಹುಡುಗಿಯನ್ನು ಮೊಮ್ಮಗಳನ್ನು ಬೈಯುವ ಹಾಗೆ ಬೈದೆ. ಇಂಗ್ಲಿಷು ನೆನಪಾಗಲಿಲ್ಲ, ಕನ್ನಡದಲ್ಲೇ ಬೈದೆ. ಕಣ್ಣೆಲ್ಲಿಟ್ಟಿದ್ದೆ, ತಲೆಯೆಲ್ಲಿಟ್ಟಿದ್ದೆ, ಕುಡಿಯೋ ನೀರು ಕಣೇ ಅದು. ಅವಳು ಬಿಳಿಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಮುಗೀತು. ನಾಳೆ ಟೀಚರ್ ಬರೋದೇ ಬೇಡ” ಎಂದಳು ಸೊಸೆ. ಅವಳಿಗೆ ಸ್ನಾನವೂ ಆಗಿರಲಿಲ್ಲ, ಕೈಯಲ್ಲಿ ಟವೆಲ್ ಹಿಡಿದು ನಿಂತಿದ್ದಳು.

ನಾನು ಬಾಗಿಲ ತನಕ ಹೋದೆ. ತಟ್ಟಲು ಕೈ ಎತ್ತಿ, ಹಾಗೇ ಇಳಿಸಿದೆ. ಬೈಸಿಕೊಂಡ ಮೇಲೆ ನನ್ನ ಮುಖವನ್ನೇ ಮತ್ತೆ ನೋಡಬೇಕೆಂದು ಅವಳಿಗೇಕೆ ಅನ್ನಿಸಬೇಕು? ವಾಪಸ್ ಬಂದು ಕಾಯಿ ತುರಿಯತೊಡಗಿದೆ. ಅರ್ಧ ಗಂಟೆ ಕಳೆಯಿತು. ಬಾಗಿಲು ತೆಗೆಯಿತು. ಹುಡುಗಿ ನನ್ನ ಕಡೆ ನೋಡದೆ ಮೆಟ್ಟಿಲು ಹತ್ತಿ ಮಹಡಿಗೆ ಹೋದಳು, ಇಳಿದು ಬಂದಳು, ಸ್ನಾನದ ಮನೆಗಳನ್ನು ಇಣುಕಿ ನೋಡಿದಳು. ಆಮೇಲೆ ನನ್ನ ಮುಂದೆ ನಿಂತು ಕೇಳಿದಳು: ಇವತ್ತು ಯಾರು ಯಾರು ಸ್ನಾನ ಮಾಡಿದ್ದಾರೆ?

ನಾನೊಬ್ಬಳೇ ಮಾಡಿದ್ದೆ. ಪಟ್ಟಿ ಇಲ್ಲದ ಮನೆಯಲ್ಲಿ ಮಗ ಏಳಲಿಲ್ಲ, ಸೊಸೆ ಆಮೇಲೆ ಎಂದಳು, ಹುಡುಗಿಯೂ ನೀರಿನ ಕೆಲಸ ಮುಗಿಯಲಿ ಎಂದು ಕಾದಳು. ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿಯೇ ಇತ್ತು. ಅಷ್ಟರೊಳಗೆ ನಾಲ್ವರೂ ಮಿಂದಿರುತ್ತಾರೆ ಎಂಬ ಲೆಕ್ಕದ ಮೇಲೆ ನಿಂತ ಹದಿನೆಂಟು ನಿಮಿಷ ಅದು. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಮೇಲೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದವಳಲ್ಲ ನಾನು. ಗಡಿಯಾರ ನೋಡಿದ್ದೆ, ಅಷ್ಟೇ.

“ತಪ್ಪು ನಂದೇ” ಎಂದೆ. ಆ ಮಾತನ್ನು ಇಂಗ್ಲಿಷಿನಲ್ಲೂ ಹೇಳಿದೆ. ಅವಳು ನಗಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಮುಂದಿನ ಸಲ ಮೊದಲು ಹತ್ತಿ ನೋಡಬೇಕು ಎಂದಷ್ಟೇ ಹೇಳಿ, ನೀರು ಬಿದ್ದ ಸ್ಕೂಟರ್ ಒರೆಸಲು ಬಟ್ಟೆ ಕೇಳಿದಳು. ಕೊಟ್ಟೆ. ಸೊಸೆ ತಡೆಯಲು ಬಂದಳು. ಹೋಗಲಿ ಬಿಡು ಎಂದೆ.

ಶನಿವಾರ ಹನ್ನೊಂದಕ್ಕೆ ಸರಿಯಾಗಿ ಟೀಚರ್ ಬಂದರು. ಹುಡುಗಿಯೊಡನೆ ಒಂಟಿಯಾಗಿ ಮಾತಾಡಬೇಕು ಎಂದರು. ನಾನು, ಸೊಸೆ ಅಡುಗೆಮನೆಯಲ್ಲಿ ಕೂತೆವು. ಜಾಗ ಸಾಲದ್ದಕ್ಕೆ ಅವಳು ಅಕ್ಕಿ ಡಬ್ಬದ ಮೇಲೆ. ಕುಕ್ಕರ್ ಕೂಗಿದರೆ ಮಾತು ಕೇಳಿಸುವುದಿಲ್ಲವೆಂದು ಒಲೆಯನ್ನೇ ಆರಿಸಿದ್ದಳು. ಆದರೂ ಏನೂ ಕೇಳಿಸಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಟೀಚರ್ ಒಳಗೆ ಬಂದರು.

“ಇರ್ತಾಳಂತೆ ಅಮ್ಮ. ಆದ್ರೆ ಎರಡು ಮಾತು ಹೇಳಿ ಅಂದ್ಲು. ಅವಳ ಕೆಲಸಾನ ಬರೆದು, ಆ ಕಾಗದ ವಾಪಸ್ ಅಂಟಿಸ್ಬೇಕಂತೆ. ಮತ್ತೆ, ದಿನಾ ಒಂದು ಗಂಟೆ ಬಾಗಿಲು ಹಾಕ್ಕೊಂಡ್ರೆ ಯಾರೂ ತಟ್ಟಬಾರದಂತೆ. ಕೋಡುಬಳೆ ಕೊಡೋಕೂ.”

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು. ನಾನು ಅವತ್ತೇ ಹೊಸ ಪಟ್ಟಿ ಬರೆದೆ. ನಾಲ್ಕರಿಂದ ಐದು: ಬಾಗಿಲು. ನನ್ನ ಮಂಚವೂ ಆ ಕೋಣೆಯಿಂದ ಹೊರಗೆ ಬಂತು.

ಉಳಿದ ಒಂಬತ್ತು ವಾರಗಳನ್ನು ನೆನೆದರೆ ಈಗಲೂ ಸುಖವಾಗುತ್ತದೆ. ಬೆಳಿಗ್ಗೆ ಹಾಲಿನ ಬೂತಿನಲ್ಲಿ ಅವಳಿಗೆ ಗುಡ್ ಮಾರ್ನಿಂಗ್ ಹೇಳಲು ಕಾಯುವ ಮುದುಕರ ಗುಂಪೇ ಹುಟ್ಟಿಕೊಂಡಿತು. ಕೊಡಿಗೇಹಳ್ಳಿಯ ಸೊಪ್ಪಿನವಳು ಅವಳಿಗೆಂದೇ ಒಂದು ಕಟ್ಟು ಸಬ್ಬಸಿಗೆ ಹೆಚ್ಚಿಗೆ ಇಡುತ್ತಿದ್ದಳು. ದಸರೆಗೆ ಗೊಂಬೆ ಇಳಿಸಿದಾಗ ಒಂದೊಂದನ್ನೂ ಒರೆಸಿ ಎತ್ತರದ ಪ್ರಕಾರ ಸಾಲು ಹಚ್ಚಿದವಳು ಅವಳೇ. ಒಂದು ಮಧ್ಯಾಹ್ನ ಜಾಲಹಳ್ಳಿಗೆ ಕರೆದುಕೊಂಡು ಹೋಗಿ, ನಾನು ದಿನವೂ ಬಸ್ಸಿಳಿಯುತ್ತಿದ್ದ ಜಾಗ ತೋರಿಸಿದೆ. ಮರಗಳು ಹಾಗೇ ಇದ್ದವು. ನಾವು ಅಲ್ಲಿ ಕಡಲೆಕಾಯಿ ತಿಂದೆವು, ಹೆಚ್ಚು ಮಾತಾಡಲಿಲ್ಲ.

ಟೀಚರ್ ಬಂದುಹೋದ ಆ ಶನಿವಾರದ ಮರುದಿನವೇ ಮೊಮ್ಮಗಳ ಕರೆ ಬಂದಿತ್ತು. ನಡೆದದ್ದನ್ನು ಅವಳಿಗೆ ಹೇಳಬಾರದೆಂದು ನಾನೂ ಸೊಸೆಯೂ ಮೊದಲೇ ಮಾತಾಡಿಕೊಂಡಿದ್ದೆವು. ಅವಳು ಮುಂದಿನ ತಿಂಗಳು ಸಮುದ್ರದ ದಂಡೆಗೆ ಸೈಕಲ್ಲಿನಲ್ಲಿ ಹೋಗುವ ಯೋಜನೆ ಹೇಳುತ್ತಿದ್ದಳು. ನಡುವೆ ನಿಲ್ಲಿಸಿ, “ಯಾಕಜ್ಜಿ ಹಂಗೆ ನೋಡ್ತಿದ್ದೀರಾ?” ಎಂದಳು.

ನಾನು ಸೈಕಲ್ಲಿನ ವಿಷಯ ಮೊದಲಿನಿಂದ ಹೇಳು ಎಂದೆ. ಅವತ್ತು ಪೂರ್ತಿ ಕೇಳಿಸಿಕೊಂಡೆ.