ಒಂದು ರಿಂಗಿನ ಕರೆಗಳು

ಚಿತ್ರದುರ್ಗದ ನಮ್ಮ ಆಫೀಸಿಗೆ ಬರುವುದೆಲ್ಲ ದನಕರುಗಳ ಕಾಯಿಲೆಯ ಕರೆಗಳು. ಯಾವ ಕರೆ ಯಾರಿಗೆ ಹೋಗಬೇಕು ಎಂದು ಕಂಪ್ಯೂಟರಿಗೆ ಹೇಳಿಕೊಡುವುದು ನನ್ನ ಕೆಲಸ: ಒಂದನ್ನು ಒತ್ತಿದರೆ ಹಿರಿಯೂರು ಕಡೆಯ ಡಾಕ್ಟರು, ಎರಡನ್ನು ಒತ್ತಿದರೆ ಹೊಳಲ್ಕೆರೆ ಕಡೆಯವರು. ನಾವು ಎತ್ತುವ ಮೊದಲೇ ಕಟ್ಟಾದ ಕರೆಗಳು ಒಂದು ಪಟ್ಟಿಗೆ ಸೇರುತ್ತಿದ್ದವು. ಆ ನಂಬರುಗಳಿಗೆ ನಮ್ಮವರೇ ವಾಪಸು ಕರೆ ಮಾಡಬೇಕಿತ್ತು. ಅದು ದಂಡದ ಕೆಲಸ, ತೆಗೆದುಬಿಡೋಣ ಎಂದೆ.

ಹೊಸದುರ್ಗದ ಹಿರಿಯ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. "ನಮ್ ಕಡೆ ಒಂದು ರಿಂಗ್ ಕೊಟ್ಟು ಇಟ್ರೆ ಕರೆದಂಗೇ ಕಣಮ್ಮ. ಆಮ್ಯಾಲೆ ಕಾಯ್ತಾರೆ."

"ಕರೆ ಫ್ರೀ ಐತೆ ಸಾರ್. ಫ್ರೀ ಇರೋದಕ್ಕೆ ಮಿಸ್ಡ್ ಕಾಲ್ ಯಾಕೆ? ನಿಜವಾಗ್ಲೂ ಕಷ್ಟ ಇದ್ದೋರು ಇನ್ನೊಂದು ರಿಂಗ್ ಕಾಯಲ್ವಾ?"

"ಮಾತ್ನಾಗೆ ನಿನ್ನ ಗೆಲ್ಲಾಕಾಗಲ್ಲ ಬಿಡು."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದು ಅದನ್ನೇ, ಎದುರಿನವರು 'ಬಿಡು' ಎನ್ನುವ ತನಕ ಬಿಡದಿರುವುದು. ಪಟ್ಟಿ ಹೋಯಿತು.

ಕೆಲವು ವಾರಗಳ ನಂತರ, ಪಟ್ಟಿ ತೆಗೆದ ಮೇಲೆ ಬಂದ ಕರೆಗಳ ದಾಖಲೆ ನೋಡುತ್ತಿದ್ದಾಗ ಒಂದೇ ನಂಬರು ಒಂದೇ ಮಧ್ಯಾಹ್ನ ಏಳು ಸಲ ಕಂಡಿತು. ಏಳೂ ಒಂದೊಂದು ರಿಂಗಿನವು. ಯಾರೋ ಕೀಟಲೆ ಮಾಡಿದ್ದಾರೆ ಎಂದು ಸಾಬೀತು ಮಾಡಲೆಂದೇ ಫೋನ್ ಮಾಡಿದೆ. ಎತ್ತಿದ್ದು ಜವನಗೊಂಡನಹಳ್ಳಿ ಕಡೆಯ ಹೆಂಗಸು.

"ಈಗ ಮಾಡಿದ್ರಾ? ಹಸ ಈಯೋವಾಗ ಕರ ಅಡ್ಡ ಸಿಕ್ಕೊಂಡಿತ್ತು ಕಣಮ್ಮ. ನೀವು ಮಾಡ್ತೀರಿ ಅಂತ ಹಸಿನ ತಲೆ ತೊಡೆ ಮ್ಯಾಲೆ ಇಟ್ಕಂಡು ಕುಂತಿದ್ದೆ."

"ಎತ್ತೋ ತನಕ ಇಡಬಾರದಿತ್ತಲ್ಲಮ್ಮ?"

"ಹೋದ್ಸಲ ಹಸಿಗೆ ಜ್ವರ ಬಂದಾಗ ಹಿಂಗೇ ಕೊಟ್ಟಿದ್ದೆ. ನೀವೇ ಮಾಡಿದ್ರಲ್ಲ."

ಹಸು ಆ ಸಂಜೆಯೇ ಸತ್ತಿತ್ತು. ಕರುವೂ ಉಳಿಯಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಉತ್ತರ ಹುಡುಕುತ್ತಿದ್ದೆನೇನೋ.

ಆ ದಿನವೇ ಪಟ್ಟಿಯನ್ನು ವಾಪಸು ಹಾಕಿದೆ. ಹೊಸದುರ್ಗದವರಿಗೆ ಎಲ್ಲ ಹೇಳಿದೆ. ಅವರು ಎದ್ದು ಟೀ ಕುಡಿಯಲು ಹೋದರು.

ದೆವ್ವದ ಮಾತೆತ್ತಿದರೆ ನಗುವವಳು ನಾನು. ಆದರೂ ಸ್ಕೂಟರ್ ಓಡಿಸುವಾಗ, ಒಗ್ಗರಣೆ ಹಾಕುವಾಗ, ಒಂದು ರಿಂಗ್ ಕೇಳಿಸಿ ನಿಲ್ಲುತ್ತದೆ. ಫೋನ್ ತೆಗೆದು ನೋಡಿದರೆ ಏನೂ ಇರುವುದಿಲ್ಲ. ಕಾಯುತ್ತಿರುವ ಕಿವಿಗೆ ಇಲ್ಲದ ಸದ್ದು ಕೇಳುತ್ತದೆ, ಅಷ್ಟೇ. ಕಾರಣ ಗೊತ್ತು. ಗೊತ್ತಿದ್ದರಿಂದ ಸದ್ದೇನೂ ನಿಂತಿಲ್ಲ.

ಪಟ್ಟಿ ವಾಪಸು ಹಾಕಿದ ಮುಂದಿನ ವಾರ ಆ ಹೆಂಗಸಿನ ನಂಬರು ನಿಜವಾಗಿಯೂ ಬಂತು, ಒಂದೇ ರಿಂಗ್. ತಕ್ಷಣ ವಾಪಸು ಮಾಡಿದೆ. "ಏನಾಯ್ತಮ್ಮ?"

"ಏನಿಲ್ಲ. ಮಾಡ್ತೀರೋ ಇಲ್ವೋ ಅಂತ ನೋಡ್ದೆ."

ಬೇರೆ ಹಸು ತಂದಿದ್ದೀರಾ ಎಂದು ಕೇಳಿದೆ. ಇಲ್ಲ ಎಂದು ಇಟ್ಟರು. ಈಗಲೂ ಆಗಾಗ ಹಾಗೆ ಒಂದು ರಿಂಗ್ ಕೊಡುತ್ತಾರೆ. ಆ ಒಂದು ನಂಬರು ಮಾತ್ರ ಬೇರೆ ಯಾರಿಗೂ ಹೋಗದೆ ನನ್ನ ಮೇಜಿಗೇ ಬರುವಂತೆ ಬರೆದಿಟ್ಟಿದ್ದೇನೆ.